ಮಳೆಗಾಲಕ್ಕೆ ಮರಿ ಪೋನಿಗಳ ಮೇವಿನ ಹೊತ್ತು ಬದಲಾಗುತ್ತಿದೆ

ಪೋನಿ ಮಾಲೀಕರಿಗೆಲ್ಲ ನಮಸ್ಕಾರ.

ನಮ್ಮ ಲಾಯದಲ್ಲಿರುವ ನಾಲ್ಕು ವರ್ಷದೊಳಗಿನ ಪೋನಿಗಳನ್ನು ಜೂನ್ 1ರಿಂದ ಇಡೀ ದಿನ ಹುಲ್ಲಿಗೆ ಬಿಡುವುದಿಲ್ಲ. ಬೆಳಗ್ಗೆ 5.30ಕ್ಕೆ ಬಿಟ್ಟು 8.30ಕ್ಕೆ ಒಳಗೆ ಕರೆತರುತ್ತೇವೆ. ಆಮೇಲೆ ಮರಳು ಹಾಸಿದ ಅಂಗಳದಲ್ಲಿ ಒಟ್ಟಿಗೆ ಓಡಾಡಿಕೊಂಡಿರುತ್ತವೆ. ತಿಂಗಳ ಶುಲ್ಕದಲ್ಲಿ ಬದಲಾವಣೆ ಇಲ್ಲ.

ಮಳೆ ಬಿದ್ದು ಹುಲ್ಲು ಚಿಗುರುವ ಹೊತ್ತಿಗೇ ಯಾಕೆ ಒಳಗೆ ಕೂಡಿಹಾಕ್ತೀರಿ ಅಂತ ಕೆಲವರು ಕೇಳಿದ್ದೀರಿ. ಆ ಚಿಗುರೇ ಕಾರಣ. ಸ್ಪಿತಿ, ಝನ್ಸ್ಕಾರಿ, ಶೆಟ್‌ಲ್ಯಾಂಡ್‌ನಂಥ ಪೋನಿ ತಳಿಗಳು ಮೇವು ಕಡಿಮೆ ಇರುವ ನೆಲದಲ್ಲಿ ಬೆಳೆದು ಬಂದವು. ಸ್ವಲ್ಪ ತಿಂದರೂ ಮೈಗೆ ಹತ್ತುತ್ತದೆ. ದಪ್ಪಗಾದ ಪೋನಿ ಎಳೆ ಹುಲ್ಲನ್ನು ಮನಸೋ ಇಚ್ಛೆ ಮೇಯ್ದರೆ ರಕ್ತದಲ್ಲಿ ಇನ್ಸುಲಿನ್ ಏರುತ್ತದೆ. ಗೊರಸಿನ ಗೋಡೆಗೂ ಒಳಗಿನ ಮೂಳೆಗೂ ಮಧ್ಯೆ ಹಿಡಿತ ಕೊಡುವ ತೆಳು ಪದರಗಳಿವೆಯಲ್ಲ, ಅವು ಆಗ ಸಡಿಲವಾಗುತ್ತವೆ. ಇದೇ ಲ್ಯಾಮಿನೈಟಿಸ್. ವಯಸ್ಸಾದ ಪೋನಿಗಳಲ್ಲಿ ಜಾಸ್ತಿ ನಿಜ, ಆದರೆ ಕೊಬ್ಬಿದ ಮರಿಗಳನ್ನೂ ಬಿಡುವುದಿಲ್ಲ. ಒಮ್ಮೆ ಬಂದರೆ ಮತ್ತೆ ಮತ್ತೆ ಬರುವ ಸಾಧ್ಯತೆ ಹೆಚ್ಚು.

ಬಿಸಿಲಿದ್ದಷ್ಟು ಹೊತ್ತೂ ಹುಲ್ಲು ಸಕ್ಕರೆ, ಪಿಷ್ಟ ಕೂಡಿಸುತ್ತದೆ, ರಾತ್ರಿ ಖರ್ಚು ಮಾಡುತ್ತದೆ. ಅದಕ್ಕೇ ನಸುಕಿನ ಹೊತ್ತು ಆರಿಸಿದ್ದು. ಹುಲ್ಲುಗಾವಲಿಗೆ ತುಂಡು ತುಂಡಾಗಿ ಬೇಲಿ ಹಾಕಿದ್ದೇವೆ. ಹುಲ್ಲು ಅರ್ಧ ಗೇಣಿಗಿಂತ ಗಿಡ್ಡವಾದ ಕಡೆ ಬಿಡುವುದಿಲ್ಲ. ತೀರಾ ದಪ್ಪಗಿರುವವಕ್ಕೆ ಬಾಯಿಕುಕ್ಕೆ ಹಾಕುತ್ತೇವೆ. ನೋಡಿ ಬೇಜಾರಾಗಬೇಡಿ, ಅದರೊಳಗಿಂದಲೂ ನಿಧಾನಕ್ಕೆ ಮೇಯುತ್ತವೆ, ನೀರೂ ಕುಡಿಯುತ್ತವೆ.

ಉಪವಾಸ ಮಾತ್ರ ಕೆಡವುವುದಿಲ್ಲ. ಪೋನಿಯ ಹೊಟ್ಟೆ ಪೂರ್ತಿ ಖಾಲಿ ಬಿಟ್ಟರೆ ಮೈಯ ಕೊಬ್ಬು ಕರಗಿ ರಕ್ತಕ್ಕೆ ನುಗ್ಗಿ ಜೀವಕ್ಕೇ ಕುತ್ತಾಗಬಹುದು. 200 ಕೆಜಿ ತೂಗುವ, ಬೆಳೆಯುತ್ತಿರುವ ಪೋನಿಗೆ ದಿನಕ್ಕೆ ಸುಮಾರು 4 ಕೆಜಿ ಒಣಹುಲ್ಲು ಕೊಡುತ್ತೇವೆ. ದಪ್ಪಗಿರುವವಕ್ಕೆ ಅದನ್ನೇ ಒಂದು ಗಂಟೆ ನೀರಲ್ಲಿ ನೆನೆಸಿ, ನೀರು ಚೆಲ್ಲಿ ಹಾಕುತ್ತೇವೆ. ಸಕ್ಕರೆ ಸ್ವಲ್ಪ ಇಳಿಯುತ್ತದೆ.

ಇನ್ನೊಂದು ಮಾತು, ಇದು ಸ್ವಲ್ಪ ಖಾರವಾಗಿಯೇ ಇರಲಿ. ಪ್ರೀತಿಯಿಂದ ಗೋಧಿ ಬೂಸಾ, ನೇಪಿಯರ್ ಹುಲ್ಲು ತಂದು ಹಾಕುವುದನ್ನು ದಯವಿಟ್ಟು ನಿಲ್ಲಿಸಿ. ಹಸುವಿಗೆ ಅದು ಒಳ್ಳೆಯ ಮೇವೇ. ಕುದುರೆಗೆ ಹಾಗಲ್ಲ. ನೇಪಿಯರ್‌ನಲ್ಲಿರುವ ಆಕ್ಸಲೇಟ್ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ. ಬೂಸಾದಲ್ಲಿ ರಂಜಕ ಜಾಸ್ತಿ, ಕ್ಯಾಲ್ಸಿಯಂ ಕಡಿಮೆ. ಎರಡೂ ಸೇರಿದರೆ ದೇಹವು ಮೂಳೆಯಿಂದಲೇ ಕ್ಯಾಲ್ಸಿಯಂ ಕೀಳುತ್ತದೆ. ಮರಿ ಇವತ್ತು ಒಂದು ಕಾಲು, ನಾಳೆ ಇನ್ನೊಂದು ಕಾಲು ಕುಂಟುತ್ತದೆ. ನಾವೆಲ್ಲ ಗೊರಸು ನೋಡುತ್ತಾ ಕೂರುತ್ತೇವೆ, ತೊಂದರೆ ಮೂಳೆಯಲ್ಲಿರುತ್ತದೆ. ಬೂಸಾ ಬದಲು ನಾವೇ ಅಳತೆ ನೋಡಿ ಕುದುರೆ ಮಸಾಲೆ (ಲೂಸರ್ನ್) ಸೊಪ್ಪು ಕೊಡುತ್ತೇವೆ. ಬೆಲ್ಲ, ಬಾಳೆಹಣ್ಣು ಕೂಡ ಬೇಡ. ಮಕ್ಕಳಿಗೆ ಆಸೆಯಾದರೆ ಒಂದು ಹಿಡಿ ಒಣಹುಲ್ಲು ತಿನ್ನಿಸಲಿ.

ಸವಾರಿಗೆ ಬಂದಾಗ ಪೋನಿ ಮುಂಗಾಲು ಮುಂದೆ ಚಾಚಿ ಹಿಂದಕ್ಕೆ ವಾಲಿ ನಿಂತಿದ್ದರೆ, ತಿರುಗಲು ಹಿಂಜರಿದರೆ, ಗೊರಸು ಬಿಸಿ ಅನ್ನಿಸಿದರೆ ಸವಾರಿ ಬೇಡ, ನಡೆಸುವುದೂ ಬೇಡ. ತಕ್ಷಣ ಸೈಸ್‌ಗೆ (ಕುದುರೆ ನೋಡಿಕೊಳ್ಳುವವರಿಗೆ) ಹೇಳಿ. ಪಶುವೈದ್ಯರನ್ನು ಕರೆಸುವುದು ನಮ್ಮ ಕೆಲಸ. ಗೊರಸು ಕತ್ತರಿಸುವವರು ಮೊದಲಿನಂತೆಯೇ ಆರು ವಾರಕ್ಕೊಮ್ಮೆ ಬರುತ್ತಾರೆ.

ಬಾಯಿಕುಕ್ಕೆಯ ಅಳತೆ ತೆಗೆಯಬೇಕು, ಹಾಗಾಗಿ ಮೇ ಕೊನೆಯೊಳಗೆ ಒಮ್ಮೆ ಬಂದು ಹೋಗಿ.

ಇಂತಿ,
ಲಾಯದ ಬಳಗ