ನಮ್ಮ ಕಡೆಯ ಕತೆಗೂ ಒಂದು ಪ್ರಶ್ನೆ

ಶಿರಸಿ

ಪ್ರೀತಿಯ ತಂಗೀ,

ಶಿರೂರು ಗುಡ್ಡ ಕುಸಿತದ ಬಗ್ಗೆ ನೀನು ಬರೆದ ಲೇಖನ ತಲುಪಿತು. ನಿಧಾನವಾಗಿ ಓದಿದೆ. ಭಾಷೆ ಚೆನ್ನಾಗಿದೆ. ಸಿಟ್ಟೂ ನಿಜವಾದದ್ದು. ಅಂಕೋಲೆಯವಳಾಗಿ ನಿನಗೆ ಸಿಟ್ಟು ಬರದಿದ್ದರೆ ಮತ್ಯಾರಿಗೆ ಬರಬೇಕು? ಹೊಗಳಿಕೆ ಇಷ್ಟು ಸಾಕು, ಇನ್ನು ಜಗಳಕ್ಕೆ ಬರುತ್ತೇನೆ.

ನಿನ್ನ ಲೇಖನದ ಕೊನೆ ಏನು ಅಂತ ಮೊದಲ ಪುಟದಲ್ಲೇ ಗೊತ್ತಾಗಿಬಿಡುತ್ತದೆ. ಹೆದ್ದಾರಿಗೆ ಗುಡ್ಡ ಕಡಿದರು, ಗುಡ್ಡ ಬಿತ್ತು, ಜನ ಸತ್ತರು. ಇದು ಸುಳ್ಳು ಅಂತ ನಾನು ಹೇಳುತ್ತಿಲ್ಲ. 2024ರ ಜುಲೈ 16ರಂದು ಬಿದ್ದದ್ದು ರಸ್ತೆಗಾಗಿ ಬುಡ ಕಡಿದ ಗುಡ್ಡವೇ. ಇಳಿಜಾರನ್ನು ನೆಟ್ಟಗೆ ಕತ್ತರಿಸಿ ಆಸರೆ ಕೊಡದೆ ಬಿಟ್ಟರೆ, ಮಳೆನೀರು ಕುಡಿದು ಭಾರವಾದ ಮಣ್ಣು ಜಾರುತ್ತದೆ. ಆದರೆ 2009ರ ಅಕ್ಟೋಬರ್‌ನಲ್ಲಿ ಕಾರವಾರದ ಪಕ್ಕದ ಕಡವಾಡದಲ್ಲಿ, ಝರಿವಾಡದ ಗುಡ್ಡ ಕುಸಿದು 19 ಜನ ಸತ್ತರಲ್ಲ? ಆಗ ನಮ್ಮ ಜಿಲ್ಲೆಯ ಕರಾವಳಿಯಲ್ಲಿ ಹೆದ್ದಾರಿಯನ್ನು ಚತುಷ್ಪಥ ಮಾಡುವ ಕೆಲಸ ಶುರುವೇ ಆಗಿರಲಿಲ್ಲ. ಅದನ್ನು ನಿನ್ನ ಕತೆಯಲ್ಲಿ ಎಲ್ಲಿಡುತ್ತೀ?

"ಮಳೆ ಜಾಸ್ತಿ ಬಂತು, ಯಾರೇನು ಮಾಡೋಕಾಗುತ್ತೆ" ಅನ್ನುವವರು ನಾಳೆ ಝರಿವಾಡವನ್ನೇ ಹಿಡಿದುಕೊಂಡು ಬರುತ್ತಾರೆ. ಅವರಿಗಿಂತ ಮೊದಲೇ ನೀನು ಅಲ್ಲಿಗೆ ಹೋಗಿಬರಬೇಕು. ಅಲ್ಲಿ ಏನಾಗಿತ್ತು, ಇಲ್ಲಿ ಏನಾಯಿತು? ಅದೇ ಮಳೆಯಲ್ಲಿ ಅಕ್ಕಪಕ್ಕದ ಯಾವ ಗುಡ್ಡ ನಿಂತಿತು, ಯಾಕೆ ನಿಂತಿತು? ನಿಂತ ಗುಡ್ಡದ ಬಗ್ಗೆ ಯಾರೂ ಬರೆಯುವುದಿಲ್ಲ ನೋಡು. ಬಿದ್ದ ಗುಡ್ಡ ಅರ್ಥವಾಗಬೇಕಾದರೆ ಅದೂ ಬೇಕು. ಇಷ್ಟೆಲ್ಲ ನೋಡಿದ ಮೇಲೂ ತಪ್ಪು ರಸ್ತೆ ಮಾಡಿದವರದ್ದೇ ಅಂತ ಕಂಡರೆ ಧೈರ್ಯವಾಗಿ ಬರೆ. ಆಗ ಆ ಮಾತನ್ನು ಅಲ್ಲಾಡಿಸುವುದು ಕಷ್ಟ.

ಇನ್ನೊಂದು ವಿಷಯ. ಆ ದಿನಗಳಲ್ಲಿ ಟಿವಿ ಹಾಕಿದರೆ, ಕುಸಿತದಲ್ಲಿ ಚಾಲಕನ ಸಮೇತ ಕಾಣೆಯಾದ ಕೇರಳದ ಆ ಲಾರಿಯದ್ದೇ ಸುದ್ದಿ. ಸೆಪ್ಟೆಂಬರ್ 25ಕ್ಕೆ ಗಂಗಾವಳಿ ನದಿಯಿಂದ ಲಾರಿಯನ್ನು ಮೇಲೆತ್ತುವವರೆಗೂ ಅದು ನಿಲ್ಲಲಿಲ್ಲ. ಆ ಮನೆಯವರ ದುಃಖ ದೊಡ್ಡದು, ಅವರಿಗಾಗಿ ಕೂಗುವವರು ಇದ್ದದ್ದು ಒಳ್ಳೆಯದೇ ಆಯಿತು. ಆದರೆ ಗುಡ್ಡದ ಬುಡದಲ್ಲಿ ಚಹಾ ಅಂಗಡಿ ಇಟ್ಟುಕೊಂಡಿದ್ದ ಕುಟುಂಬ? ನದಿಯ ಆಚೆ ದಡದ ಉಳುವರೆ? ಮಣ್ಣು ಬಿದ್ದ ರಭಸಕ್ಕೆ ಗಂಗಾವಳಿಯ ನೀರು ಎದ್ದು ಉಳುವರೆಯ ಮನೆಗಳಿಗೆ ಬಡಿಯಿತು, ಅಲ್ಲೂ ಜೀವ ಹೋಯಿತು. ನಿನ್ನ ಲೇಖನದಲ್ಲಿ ಉಳುವರೆಗೆ ಸಿಕ್ಕಿದ್ದು ಒಂದೇ ಸಾಲು. ಟಿವಿಯವರನ್ನು ಬೈಯುತ್ತಾ ನೀನೂ ಕ್ಯಾಮೆರಾ ಇದ್ದ ದಡದಲ್ಲೇ ನಿಂತುಬಿಟ್ಟೆಯಲ್ಲ! ಯಾವುದೇ ಕತೆ ಕೇಳಿದಾಗ ಇದನ್ನು ಹೇಳುತ್ತಿರುವವರು ಎಲ್ಲಿ ನಿಂತಿದ್ದಾರೆ ಅಂತ ನೋಡು. ಅಲ್ಲಿಂದ ಏನು ಕಾಣುವುದಿಲ್ಲ ಅಂತಲೂ ನೋಡು.

ಗಂಗಾವಳಿ ಅಂದೆನಲ್ಲ, ಘಟ್ಟದ ಮೇಲೆ ನಾವು ಅದನ್ನೇ ಬೇಡ್ತಿ ಅನ್ನುತ್ತೇವೆ. ಆ ಹೊಳೆಗೆ ಅಣೆಕಟ್ಟು ಕಟ್ಟಿ ಕರೆಂಟು ತೆಗೆಯುತ್ತೇವೆ ಅಂತ ಸರ್ಕಾರ ಹೊರಟಾಗ, 1981ರಲ್ಲಿ ಶಿರಸಿಯಲ್ಲಿ ಒಂದು ವಿಚಾರ ಸಂಕಿರಣ ಆಯಿತು. ನಡೆಸಿದ್ದು ಅಡಿಕೆ ಬೆಳೆಗಾರರ ಸಹಕಾರಿ ಸಂಘ. ಯೋಜನೆ ಬೇಡ ಅಂತ ಬರೀ ಕೂಗಲಿಲ್ಲ. ವಿಜ್ಞಾನಿಗಳನ್ನು ಕರೆಸಿ, ಎಷ್ಟು ಕಾಡು ಮುಳುಗುತ್ತದೆ, ಎಷ್ಟು ತೋಟ ಹೋಗುತ್ತದೆ, ಬರುವ ಲಾಭ ಎಷ್ಟು ಅಂತ ಲೆಕ್ಕಕ್ಕೆ ಕೂತರು. "ಅಭಿವೃದ್ಧಿ" ಅಂದರೆ ತಲೆಯಾಡಿಸಬೇಕಾದ ಕಾಲ ಅದು. ಕೊನೆಗೆ ಆ ಯೋಜನೆ ಮೂಲೆಗೆ ಬಿತ್ತು. 1983ರಲ್ಲಿ ಸಾಲ್ಕಣಿ ಕಡೆ ಅಪ್ಪಿಕೋ ಚಳವಳಿ ಶುರುವಾಯಿತು, ಕಾಡು ಕಡಿಯುವುದನ್ನು ತಡೆಯಲು ಜನ ಮರ ಅಪ್ಪಿ ನಿಂತರು.

ಇವು ನಮ್ಮ ಊರಿನ ಹೆಮ್ಮೆಯ ಕತೆಗಳು. ನನಗೂ ಇಷ್ಟ. ಅದಕ್ಕೇ ನನಗೆ ಇವುಗಳ ಮೇಲೆ ಅನುಮಾನ ಜಾಸ್ತಿ. ಈಗ ವೇದಿಕೆ ಮೇಲೆ ಈ ಕತೆ ಹೇಳುವಾಗ ತೋಟ ಇದ್ದವರ ಮಾತೇ ಕೇಳಿಸುತ್ತದೆ. ಅದೇ ಕಾಡಿನ ಸಿದ್ದಿಯರು, ಕುಣಬಿಗಳು, ಗೌಳಿಗಳು ಎಲ್ಲಿ ಹೋದರು? ಇನ್ನು ಅಡಿಕೆ ತೋಟಕ್ಕೆ ಸೊಪ್ಪು ತರಲು ನಮಗೆ ಬಿಟ್ಟುಕೊಟ್ಟ ಸೊಪ್ಪಿನ ಬೆಟ್ಟ ಇದೆಯಲ್ಲ, ಎಕರೆ ತೋಟಕ್ಕೆ 9 ಎಕರೆವರೆಗೆ. ಕಡಿದು ಕಡಿದು ಬೋಳಾದ ಬೆಟ್ಟಗಳನ್ನು ಬೇಕಾದರೆ ತೋರಿಸುತ್ತೇನೆ. ಅರಣ್ಯ ಇಲಾಖೆಯನ್ನು ಬೈದಷ್ಟು ಸಲೀಸಾಗಿ ನಾವು ಇದನ್ನು ಮಾತಾಡುವುದಿಲ್ಲ. ಹಾಗಂತ ಅಪ್ಪಿಕೋ ಸುಳ್ಳಾಗುವುದಿಲ್ಲ. ಅದು ಭಾಷಣದಲ್ಲಿ ಬರುವಷ್ಟು ನುಣ್ಣಗಿಲ್ಲ, ಅಷ್ಟೇ.

ಇಂಥ ಪ್ರಶ್ನೆ ಕೇಳಿದರೆ "ನೀವು ಯಾರ ಪರ?" ಅನ್ನುತ್ತಾರೆ. ನಿನಗೂ ಅನ್ನುತ್ತಾರೆ, ರೆಡಿ ಇರು. ಸರ್ಕಾರದ ಹೇಳಿಕೆಯನ್ನು ಅನುಮಾನಿಸಿದರೆ ಗೆಳೆಯರೆಲ್ಲ ಬೆನ್ನು ತಟ್ಟುತ್ತಾರೆ. ಅದೇ ಗೆಳೆಯರು ವಾಟ್ಸಾಪ್‌ನಲ್ಲಿ ಕಳಿಸಿದ್ದನ್ನು ಅನುಮಾನಿಸಿ ನೋಡು!

ನಮ್ಮವರನ್ನೂ ಹೀಗೆ ಪ್ರಶ್ನಿಸುವುದನ್ನು ಕಲಿಯೋಕೆ ನಮ್ಮ ಸೀಮೆಯಲ್ಲಿ ದೂರ ಹೋಗಬೇಕಾಗಿಲ್ಲ. ಯಾವುದಾದರೂ ಒಳ್ಳೆಯ ತಾಳಮದ್ದಳೆಗೆ, ಅಂದರೆ ವೇಷ, ಕುಣಿತ ಇಲ್ಲದೆ ಪದ್ಯ ಮತ್ತು ಮಾತಿನಲ್ಲೇ ನಡೆಯುವ ಯಕ್ಷಗಾನದ ಕೂಟಕ್ಕೆ, ಹೋಗಿ ಕೂತುಕೋ. ವಾಲಿವಧೆ ಪ್ರಸಂಗ ಸಿಕ್ಕರೆ ಬಿಡಬೇಡ. ಭಾಗವತರ ಪದ್ಯ ಬದಲಾಗುವುದಿಲ್ಲ, ವಾಲಿ ಸಾಯುವುದೂ ತಪ್ಪುವುದಿಲ್ಲ. ಆದರೆ ಬಾಣ ತಾಗಿ ಬಿದ್ದವನು "ಮರೆಯಲ್ಲಿ ನಿಂತು ಯಾಕೆ ಹೊಡೆದೆ?" ಅಂತ ಕೇಳುವಾಗ, ರಾಮಭಕ್ತರೇ ತುಂಬಿದ ಸಭೆ ಕಿವಿಗೊಟ್ಟು ಕೂತಿರುತ್ತದೆ. ಯಾರೂ ಎದ್ದು ಹೋಗುವುದಿಲ್ಲ. ರಾಮನ ಅರ್ಥ ಹೇಳುವವರು, ಅಂದರೆ ರಾಮನಾಗಿ ಮಾತಾಡುವವರು, ಉತ್ತರ ಹುಡುಕಲೇಬೇಕು, ದೇವರು ಅಂತ ವಿನಾಯಿತಿ ಇಲ್ಲ. ಇವತ್ತು ವಾಲಿಯಾಗಿ ವಾದಿಸಿದ ಅರ್ಥಧಾರಿಗೆ ಮುಂದಿನ ಕೂಟದಲ್ಲಿ ರಾಮನ ಅರ್ಥ ಬರಬಹುದು. ಆಗ ತನ್ನದೇ ಪ್ರಶ್ನೆಗೆ ತಾನೇ ಉತ್ತರ ಕೊಡಬೇಕು. ಇದನ್ನೊಮ್ಮೆ ಮಾಡಿ ನೋಡು. ಹೆದ್ದಾರಿ ಎಂಜಿನಿಯರ್ ಪರವಾಗಿ ಎರಡು ಪುಟ ಬರೆ, ತಮಾಷೆಗಲ್ಲ, ಗೆಲ್ಲಲೇಬೇಕು ಅಂತ ಬರೆ. ಯಾರಿಗೂ ತೋರಿಸಬೇಡ. ಆಮೇಲೆ ನಿನ್ನ ಲೇಖನ ತೆಗೆದು ಓದು. ಎಲ್ಲೆಲ್ಲಿ ಸುಮ್ನೆ ದನಿ ಏರಿಸಿದ್ದೀಯೆ ಅಂತ ನಿನಗೇ ಕಾಣುತ್ತದೆ.

ಕಿರಿಕಿರಿಯ ಒಂದೆರಡು ಮಾತು ಉಳಿದಿದೆ. ಮೂರನೇ ಪುಟದಲ್ಲಿ "ತಜ್ಞರು ಮೊದಲೇ ಎಚ್ಚರಿಸಿದ್ದರು" ಅಂತಿದೆ. ಯಾವ ತಜ್ಞರು, ಯಾವಾಗ, ಯಾವ ವರದಿಯಲ್ಲಿ? ವರದಿ ಕೈಯಲ್ಲಿದ್ದರೆ ಹೆಸರು ಹಾಕು. ಇಲ್ಲದಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕು, 30 ದಿನ ಕಾಯಿ. ಅದೂ ಆಗದಿದ್ದರೆ ಆ ಸಾಲು ಹೊಡೆದುಹಾಕು. ಉಳುವರೆಗೆ ಹೋಗುವುದಾದರೆ ಭಾನುವಾರ ಹೋಗು, ಕೂಲಿಗೆ ಹೋಗುವವರೂ ಮನೆಯಲ್ಲಿ ಸಿಗುತ್ತಾರೆ. ಹೊಸ ಪ್ರತಿಯನ್ನು ನವರಾತ್ರಿ ಒಳಗೆ ಕಳಿಸು. ಅಕ್ಷರ ಸ್ವಲ್ಪ ದೊಡ್ಡದಿರಲಿ.

ಇತಿ,
ನಿನ್ನ ಅಣ್ಣ