ಆ ಹಗ್ಗದ ತುದಿ

ಪ್ರೀತಿಯ ಗೆಳೆಯಾ,

ಮಗಳನ್ನು ಕರೆದುಕೊಂಡು ಮತ್ತೆ ಫ್ರಾನ್ಸಿನ ವೆರ್ದೋನ್ ಕಮರಿಗೆ ಹೊರಟಿದ್ದೀಯಂತೆ. ಕುಣಿದುಬಿಟ್ಟೆ ಮಾರಾಯಾ! ಈ ಸಲ ನೀಲಿ ಚೀಲ ಹೊರುವ ಸರದಿ ನಿನ್ನದು, ಮರೆಯಬೇಡ.

ಮೊದಲು ಅವಳನ್ನು ಬ್ಲಾಂ-ಮಾರ್ತೆಲ್ ಹಾದಿಯಲ್ಲಿ ನಡೆಸು. 1905ರಲ್ಲಿ ಗುಹಾಶೋಧಕ ಮಾರ್ತೆಲ್ ಜೊತೆ ಆ ಕಮರಿಗಿಳಿದ ಬ್ಲಾಂ ಒಬ್ಬ ಶಾಲಾ ಮೇಷ್ಟ್ರು ಅಂತಲೂ ಹೇಳು, ಖುಷಿಪಡುತ್ತಾಳೆ. ಸುಮಾರು 15 ಕಿಲೋಮೀಟರ್, ಇಡೀ ದಿನದ ನಡಿಗೆ. ಬ್ರೆಶ್ ಆಂಬೇರ್ ಎಂಬ ಬಂಡೆಸೀಳಿನ 252 ಕಬ್ಬಿಣದ ಮೆಟ್ಟಿಲುಗಳನ್ನು ಅವಳೇ ಎಣಿಸಲಿ; ನಮ್ಮಿಬ್ಬರ ಲೆಕ್ಕ ಇನ್ನೂ ತಾಳೆಯಾಗಿಲ್ಲವಲ್ಲ. ಸುರಂಗಗಳಿಗೆ ಟಾರ್ಚ್ ಬೇಕೇ ಬೇಕು. ನೀರಿನ ಹಸಿರಿಗೆ ಮರುಳಾಗಿ ಹೊಳೆಯ ನಡುವಿನ ಬಂಡೆಗೆ ಹೋಗಿ ಕೂರದಿರಲಿ, ಮೇಲಿನ ಅಣೆಕಟ್ಟೆಯಿಂದ ನೀರು ಬಿಟ್ಟರೆ ಮಟ್ಟ ದಿಢೀರನೆ ಏರುತ್ತದೆ.

ಆಮೇಲೆ ಎಸ್ಕಾಲೆಸ್ ಗೋಡೆ, ನಾವು ಹತ್ತಿದ ಆ ಕಡಿದಾದ ಬಂಡೆ. ಅಲ್ಲಿಗೆ ಅವಳನ್ನು ಕರೆದೊಯ್ಯುವ ಮುಂಚೆ ನಿನಗೊಂದು ವಿಷಯ ಗೊತ್ತಿರಬೇಕು. ಹೇಳಲೆಂದು ನಾಲ್ಕು ಸಲ ಫೋನ್ ಮಾಡಿ ಬೇರೇನೋ ಮಾತಾಡಿದೆ. ಅದಕ್ಕೇ ಎಲ್ಲರೆದುರು ಬರೆಯುತ್ತಿದ್ದೇನೆ, ಇನ್ನು ಜಾರಿಕೊಳ್ಳಲಾಗದು.

ಬೇರೆ ಕಡೆ ಬುಡದಿಂದ ಹತ್ತುತ್ತೇವೆ, ಸಾಕೆನಿಸಿದರೆ ಇಳಿಯುತ್ತೇವೆ. ಅಲ್ಲಿ ರಸ್ತೆ ಇರುವುದೇ ನೆತ್ತಿಯ ಮೇಲೆ. ಮೊದಲು ಹಗ್ಗ ಹಿಡಿದು ಸುಣ್ಣಕಲ್ಲಿನ ಗೋಡೆ ಇಳಿಯಬೇಕು, ಆಮೇಲೆ ಹತ್ತಿಯೇ ಮರಳಬೇಕು. ಅಂದು ಎರಡನೆಯ ಇಳಿತಕ್ಕೆ ಹಗ್ಗ ಎಸೆದವನು ನಾನು. "ತುದಿಗಳಿಗೆ ಗಂಟು?" ಎಂದೆ ನೀನು. "ಹಾಕಿದೆ" ಎಂದೆ. ನೀನು ಇಳಿದೆ. ನಿನ್ನ ಹಿಂದೆ ಇಳಿಯುವಾಗ ನೋಡಿದೆ: ಗಾಳಿಗೆ ಆಡುತ್ತಿದ್ದ ಎರಡು ತುದಿಗಳಲ್ಲಿ ಒಂದಕ್ಕೆ ಗಂಟೇ ಇರಲಿಲ್ಲ. ನೀನು ಆಗಲೇ ಬಂಡೆಗೆ ಬಡಿದ ಆಂಕರಿಗೆ ಕೊಕ್ಕೆ ಸಿಕ್ಕಿಸಿ ಹಾಡಿಕೊಳ್ಳುತ್ತಿದ್ದೆ. ಆಂಕರ್ ಕಣ್ತಪ್ಪಿ ಇನ್ನಷ್ಟು ಇಳಿದಿದ್ದರೆ? ಹಗ್ಗದ ತುದಿ ದಾಟಿ ಜಾರದಂತೆ ತಡೆಯುವುದೇ ಆ ಗಂಟು. ನಾನು ಸುಮ್ಮನೆ ಹಗ್ಗ ಎಳೆದು ಸುತ್ತಿಕೊಂಡೆ. ಸುಸ್ತಾಗಿದೆಯೇ ಎಂದು ಕೇಳಿದೆಯಲ್ಲ, ಹೌದು ಎಂದೆ. ಆ ಸುಳ್ಳು ಗಂಟಿಗಿಂತ ಹೆಚ್ಚು ಕಾಡಿದೆ. ಈಗಲೂ ಕೆಲವು ರಾತ್ರಿ ಎದ್ದು ಕೂರುತ್ತೇನೆ. ಆಮೇಲೆ ನಿನ್ನ ಜೊತೆ ಹತ್ತಲು ಬರದೇ ಇದ್ದುದಕ್ಕೆ ಮಂಡಿನೋವು ಕಾರಣವಲ್ಲ.

ಅವಳ ಹಗ್ಗದ ಎರಡೂ ತುದಿ ನೀನೇ ಕೈಯಲ್ಲಿ ಹಿಡಿದು ನೋಡು. ಯಾರ "ಹಾಕಿದೆ"ಯನ್ನೂ ನಂಬಬೇಡ.

ಸಾಕು. ರಣಹದ್ದುಗಳನ್ನು ತೋರಿಸಲು ಮರೆಯಬೇಡ. 1999ರಿಂದ ಅಲ್ಲಿ ತಂದು ಬಿಟ್ಟವುಗಳ ಸಂತಾನ; ಗೋಡೆಯ ಮೇಲಿಂದ ಬಗ್ಗಿದರೆ ಅವುಗಳ ಬೆನ್ನು ಕಾಣುತ್ತದೆ, ಹಾರುವ ಹಕ್ಕಿಯ ಬೆನ್ನು! ನೀಲಿ ಚೀಲದ ಜಿಪ್ ಸರಿಮಾಡಿಸಿದ್ದೇನೆ, ಈ ವಾರವೇ ಕಳಿಸುತ್ತೇನೆ.

ನಿನ್ನವನೇ