ಆಟಿಕೆ ಅಂತಲೇ ಹೇಳು, ಆಫೀಸಿನ ಕೆಲಸ ಅನ್ನಬೇಡ

ಆರ್ಹುಸ್, ಡೆನ್ಮಾರ್ಕ್
ಡಿಸೆಂಬರ್, ಭಾನುವಾರ

ಅಮ್ಮನಿಗೆ ಮಾಣಿಯ ನಮಸ್ಕಾರ. ನಾನು ಕ್ಷೇಮ. ಅಪ್ಪಯ್ಯನಿಗೂ ಅಜ್ಜಿಗೂ ನಮಸ್ಕಾರ ಹೇಳು. ಚಿಕ್ಕಮ್ಮ ಕಳಿಸಿದ ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ ಎರಡೂ ಬಂತು, ಒಂದು ಹಪ್ಪಳವೂ ಮುರಿದಿಲ್ಲ.

ನಿನ್ನ ಕಾಗದ ಓದಿದೆ. ಫೋನಿನಲ್ಲಿ ಹೇಳಿದರೆ ಅಪ್ಪಯ್ಯನ ಕಿವಿಗೆ ಬೀಳುತ್ತದೆ, ಅವರು ಈ ಸಂಬಂಧವೇ ಬೇಡ ಅಂತ ಎದ್ದುಬಿಡುತ್ತಾರೆ ಅಂತ ಬರೆದಿದ್ದೀಯಲ್ಲ, ಹಾಗಾಗಿ ನಾನೂ ಬರೆದೇ ಕಳಿಸುತ್ತಿದ್ದೇನೆ. ನಾನು ಮಾಡುತ್ತಿರುವ ಆಟಿಕೆ ರೋಬೋಟಿನದ್ದು ಅಂತ ಅಕ್ಕ ಸ್ಟೇಟಸ್ ಹಾಕಿದ ವೀಡಿಯೋ ಬ್ರಹ್ಮಾವರದ ತನಕ ಹೋಯಿತು, ಹುಡುಗಿಯ ಸೋದರಮಾವ ಸಾಲಿಗ್ರಾಮದ ಉಪನಯನದಲ್ಲಿ ಪಂಕ್ತಿಯಲ್ಲಿ ಕೂತೇ ಭಾವನ ಹತ್ತಿರ "ಹುಡುಗನಿಗೆ ಇನ್ನೂ ಆಟಿಕೆಯ ವಯಸ್ಸು ದಾಟಿಲ್ವಾ" ಅಂತ ಕೇಳಿದರು. ಸರಿ, ಕೇಳಲಿ. ಆದರೆ ನೀನು "ಅದು ಕಂಪನಿಯ ಪ್ರಾಜೆಕ್ಟು" ಅಂತ ಹೇಳಿಬಿಟ್ಟೆಯಲ್ಲ ಅಮ್ಮ, ನನಗೆ ತಲೆಬಿಸಿ ಆದದ್ದು ಅದಕ್ಕೆ. ನನ್ನ ಕಂಪನಿ ಮಾಡುವುದು ಗಾಳಿಯಂತ್ರ. ಅವರ ಪೈಕಿ ಯಾರಾದರೂ ಇಂಜಿನಿಯರ್ ಇದ್ದರೆ ಎರಡನೇ ಪ್ರಶ್ನೆಗೇ ನಾವು ಸಿಕ್ಕಿಬೀಳುತ್ತೇವೆ. ಉಡುಪಿ ಕಡೆ ಯಾರ ಮನೆಯಲ್ಲಿ ಇಂಜಿನಿಯರ್ ಇಲ್ಲ ಹೇಳು?

ಅದು ಏನು ಅಂತ ಮೊದಲು ಸರಿಯಾಗಿ ತಿಳ್ಕೋ, ಯಾಕೆಂದರೆ ಅಕ್ಕ ಹಾಕಿದ ತುಣುಕಿನಲ್ಲಿ ಅದು ಮುಗ್ಗರಿಸಿ ಬೀಳುವುದು, ನಾನು ನೆಲದ ಮೇಲೆ ಕೂತು ನಗುವುದು, ಇಷ್ಟೇ ಇದೆ. ಕಳೆದ ಸಲ ಪುಟ್ಟನಿಗೆ ಲೆಗೋ ಅಂತ ಪ್ಲಾಸ್ಟಿಕ್ ಇಟ್ಟಿಗೆ ತಂದಿದ್ದೆನಲ್ಲ, ಅದೇ. ಅದರಲ್ಲೇ ಟೆಕ್ನಿಕ್ ಅಂತ ಇನ್ನೊಂದು ಬಗೆ ಇದೆ, 1977ರಿಂದ ಬರುತ್ತಿದೆ, ಅದರಲ್ಲಿ ಗೇರು, ಆಕ್ಸಲ್ಲು, ಪಿನ್ನು, ಮೋಟರು ಎಲ್ಲ ಸಿಗುತ್ತದೆ. ನಾನು ಮಾಡುತ್ತಿರುವುದು ಒಂದು ಲಾರಿ. ಫೋನಿನಲ್ಲಿ ಒತ್ತಿದರೆ ಲಾರಿ ತಾನಾಗಿಯೇ ಎದ್ದು ನಿಂತು ಕೈಕಾಲಿರುವ ರೋಬೋಟ್ ಆಗಬೇಕು, ಮತ್ತೆ ಒತ್ತಿದರೆ ಮಲಗಿ ಲಾರಿ ಆಗಬೇಕು. ಮಧ್ಯದಲ್ಲಿ ಕೈ ಹಾಕುವಂತಿಲ್ಲ. ಲೆಗೋದವರೇ 2022ರಲ್ಲಿ ಆಪ್ಟಿಮಸ್ ಪ್ರೈಮ್ ಅಂತ 1,508 ತುಂಡುಗಳ ಲಾರಿ-ರೋಬೋಟ್ ಬಿಟ್ಟಿದ್ದಾರೆ. ಆದರೆ ಅದನ್ನು ಕೈಯಲ್ಲೇ ಮಡಚಿ ಬಿಡಿಸಬೇಕು, ಮೋಟರ್ ಇಲ್ಲ. ಆ ಪೆಟ್ಟಿಗೆಯ ಮೇಲೆ ಸ್ಪಷ್ಟವಾಗಿ 18+ ಅಂತ ಬರೆದಿದೆ. ಸೋದರಮಾವನಿಗೆ ಅದನ್ನೊಂದು ಹೇಳು. ಬೇಡ, ಹೇಳಬೇಡ, 18+ ಅಂದರೆ ಅವರು ಇನ್ನೇನೋ ಅಂದುಕೊಂಡಾರು.

ಇದಿಷ್ಟನ್ನು ಅಪ್ಪಯ್ಯನಿಗೆ ಓದಿ ಹೇಳು, ಮೋಟರ್ ರಿವೈಂಡಿಂಗ್ ಮಾಡಿದವರಿಗೆ ಗೊತ್ತಾಗುತ್ತದೆ. ಅಪ್ಪಯ್ಯ, ಲಾರಿ ಎದ್ದು ನಿಲ್ಲುವಾಗ ಮೈಭಾರ ಪೂರ್ತಿ ಸೊಂಟದ ಕೀಲಿನ ಮೇಲೆ ಬೀಳುತ್ತದೆ. ಮೋಟರನ್ನು ನೇರ ಕೊಟ್ಟರೆ ಅರ್ಧಕ್ಕೆ ಎದ್ದು ಉಸಿರು ಕಟ್ಟುತ್ತದೆ, ಆಫ್ ಮಾಡಿದರೆ ದೊಪ್ಪನೆ ಬೀಳುತ್ತದೆ. ಹಾಗಾಗಿ ವರ್ಮ್ ಗೇರ್ ಅಂತ ಸ್ಕ್ರೂ ಹಾಗಿರುವ ಗೇರು ಹಾಕಿದ್ದೇನೆ, ಟೇಬಲ್ ಫ್ಯಾನಿನ ಕತ್ತು ತಿರುಗಿಸುವ ಜಾಗದಲ್ಲಿ ಇರುತ್ತದಲ್ಲ, ಅದೇ ಜಾತಿ. ವರ್ಮ್ ಒಂದು ಸುತ್ತು ಬಂದರೆ ದೊಡ್ಡ ಗೇರು ಒಂದೇ ಹಲ್ಲು ಸರಿಯುತ್ತದೆ, ಅಂದರೆ 24 ಹಲ್ಲಿನ ಗೇರು ಒಂದು ಸುತ್ತು ಬರಲು ಇದು 24 ಸುತ್ತು ತಿರುಗಬೇಕು. ನಿಧಾನ, ಆದರೆ ಬಲ ಇದೆ. ಮೋಟರ್ ನಿಂತರೂ ಸೊಂಟ ಇದ್ದಲ್ಲೇ ನಿಲ್ಲುತ್ತದೆ, ಹಿಂದಕ್ಕೆ ತಿರುಗುವುದಿಲ್ಲ. ಆಮೇಲೆ ತಕರಾರು ಆಕ್ಸಲ್ಲಿನದ್ದು. ಪ್ಲಾಸ್ಟಿಕ್ ಅಲ್ವಾ, ಉದ್ದ ಇದ್ದರೆ ಭಾರಕ್ಕೆ ತಿರುಚಿಕೊಳ್ಳುತ್ತದೆ, ಹಾಗಾಗಿ ಗಿಡ್ಡ ಆಕ್ಸಲ್ ಹಾಕಿ ಎರಡೂ ಕಡೆ ಹಿಡಿತ ಕೊಟ್ಟೆ. ಕೈಗಳಿಗೆ ಬಿಳಿ ಬಣ್ಣದ ಕ್ಲಚ್ ಗೇರು. ಕೈ ಎಲ್ಲಾದರೂ ತಾಗಿದರೆ ಅದು ಟಕ್ ಟಕ್ ಅಂತ ಒಳಗೇ ಜಾರುತ್ತದೆ, ಹಲ್ಲು ಮುರಿಯುವುದಿಲ್ಲ. ಮೋಟರಿನೊಳಗೇ ಎಷ್ಟು ತಿರುಗಿತು ಅಂತ ಲೆಕ್ಕ ಇಡುವ ಸೆನ್ಸರ್ ಇದೆ, ಅದರಿಂದ ಸರದಿ ತಪ್ಪದ ಹಾಗೆ ಪ್ರೋಗ್ರಾಂ ಬರೆಯಬಹುದು: ಕೈ ಮೊದಲು ಹೊರಗೆ, ಆಮೇಲೆ ಸೊಂಟ. ತಲೆಗೆ ಬೇರೆ ಮೋಟರ್ ಇಲ್ಲ, ಎದೆ ಎದ್ದಾಗ ಒಂದು ಕಡ್ಡಿ ಅದನ್ನು ಮೇಲಕ್ಕೆ ತಳ್ಳುತ್ತದೆ. ಕಾಲು ನಮ್ಮ ಮಡಚುವ ಮೆಟ್ಟುಕತ್ತಿಯ ಹಾಗೆ, ನೆಟ್ಟಗಾದರೆ ಅಲ್ಲೇ ಗಟ್ಟಿ.

ಬಾಕಿ ಉಳಿದದ್ದು ಬ್ಯಾಟರಿ. ಆರು ಪೆನ್ಸಿಲ್ ಸೆಲ್ಲಿನ ಡಬ್ಬಿ, ಮೋಟರ್‌ಗಳ ನಾಲ್ಕು ವಯರೂ ಅದಕ್ಕೇ ಬರುತ್ತದೆ, ಇಡೀ ರೋಬೋಟಿನಲ್ಲಿ ಅದೇ ಹೆಚ್ಚು ಭಾರ. ಎದೆಯಲ್ಲಿದ್ದರೆ ಮುಗ್ಗರಿಸುತ್ತದೆ, ವೀಡಿಯೋದಲ್ಲಿ ಆದದ್ದು ಅದೇ. ಕಾಲಿಗೆ ಇಳಿಸಿದರೆ ಗಟ್ಟಿ ನಿಲ್ಲುತ್ತದೆ, ಆದರೆ ಮಡಚುವಾಗ ಎದೆಯಿಂದ ಬರುವ ವಯರು ಕೀಲಿಗೆ ಸಿಕ್ಕಿಕೊಳ್ಳುತ್ತದೆ. ಏನಾದರೂ ಉಪಾಯ ಹೊಳೆದರೆ ಹೇಳಿ.

ಅಮ್ಮ, ಇಲ್ಲಿಂದ ಮುಂದಿನದು ನಿನಗೆ ಮಾತ್ರ. ಇಲ್ಲಿ ಇದನ್ನು ಯಾರೂ ವಿಚಿತ್ರ ಅಂತ ನೋಡುವುದಿಲ್ಲ. ಈ ಇಟ್ಟಿಗೆ ಹುಟ್ಟಿದ ಊರು ಬಿಲ್ಲುಂಡ್, ಇದೇ ದೇಶದಲ್ಲಿದೆ. 1932ರಲ್ಲಿ ಒಬ್ಬ ಬಡಗಿ ಮರದ ಆಟಿಕೆ ಮಾಡಲು ಶುರುಮಾಡಿದ್ದು, ಈಗ ನಾನು ಬಂದಿಳಿದ ವಿಮಾನ ನಿಲ್ದಾಣವೂ ಆ ಕಂಪನಿಯವರು ತಮ್ಮ ವಿಮಾನ ಇಳಿಸಲು ಮಾಡಿಕೊಂಡ ಜಾಗದಿಂದಲೇ ಬೆಳೆದದ್ದು. ನನ್ನ ಬಾಸ್‌ಗೆ ಮೊಮ್ಮಗ ಇದ್ದಾನೆ, ಅವರ ಮನೆಯ ಅಟ್ಟದಲ್ಲಿ ಲೆಗೋ ರೈಲು ಓಡುತ್ತದೆ, ಅದು ಮೊಮ್ಮಗನದ್ದಲ್ಲ. ಚಳಿಯಲ್ಲಿ ಎಳೆಮಕ್ಕಳನ್ನು ಗಾಡಿಯಲ್ಲಿ ಮಲಗಿಸಿ ಹೋಟೆಲಿನ ಹೊರಗೆ ಬಿಟ್ಟು ಒಳಗೆ ಕಾಫಿ ಕುಡಿಯುವ ಜನ ಇವರು, ಅಜ್ಜಿಗೆ ಇದನ್ನು ಹೇಳಬೇಡ. ಈಗ ಮಧ್ಯಾಹ್ನ ನಾಲ್ಕಕ್ಕೆ ಮೊದಲೇ ಕತ್ತಲೆ. ಅಷ್ಟು ಉದ್ದದ ಸಂಜೆಯಲ್ಲಿ ಒಬ್ಬನೇ ಏನು ಮಾಡಲಿ, ಬಾರಿನಲ್ಲಿ ಕೂರಲಾ? ದುಡ್ಡಿನ ಚಿಂತೆಯೂ ಬೇಡ. ಹಳೇ ಸಾಮಾನಿನ ಸಂತೆಯಲ್ಲಿ ಡಬ್ಬಿಗಟ್ಟಲೆ ಸಿಗುತ್ತದೆ, 1958ರ ಇಟ್ಟಿಗೆ ಸಿಕ್ಕಿದರೂ ಇವತ್ತಿನದಕ್ಕೆ ಸರಿಯಾಗಿ ಕೂರುತ್ತದೆ. ಮೋಟರ್ ಮಾತ್ರ ಹೊಸತು. ಮನೆ ಸಾಲದ ಕಂತು ತಿಂಗಳು ತಿಂಗಳು ಬರುತ್ತಿದೆ ಅಲ್ವಾ? ಬರುತ್ತದೆ.

ಆದ್ದರಿಂದ ನೀನು ಭಾವನ ಮೂಲಕ ಅವರಿಗೆ ಒಂದು ಮಾತು ಮುಟ್ಟಿಸು: ಅದು ಆಟಿಕೆಯೇ, ಹುಡುಗ ಬಿಡುವಿನಲ್ಲಿ ಮಾಡುತ್ತಾನೆ, ಕೆಲಸಕ್ಕೂ ಅದಕ್ಕೂ ಸಂಬಂಧ ಇಲ್ಲ. ವೀಡಿಯೋ ತೆಗೆಯಲು ಅಕ್ಕನಿಗೆ ಹೇಳಬೇಡ. ಜಾತಕ ಕೂಡಿದೆ ಅಂತ ಇಷ್ಟು ಖುಷಿಯಲ್ಲಿದ್ದೀಯ, ನನಗೆ ಗೊತ್ತು. ಆದರೆ ನಾಳೆ ಆ ಹುಡುಗಿ ಇಲ್ಲಿಗೆ ಬಂದಾಗ ಊಟದ ಮೇಜಿನ ಅರ್ಧ ಭಾಗದಲ್ಲಿ ಇದೇ ಹರಡಿಕೊಂಡಿರುತ್ತದೆ, ಆಗ ಅವಳು ಯಾರನ್ನು ಕೇಳಬೇಕು? ಸೋದರಮಾವನಿಗೆ ಏನನ್ನಿಸಿತು ಅಂತ ಎರಡು ಪುಟ ಬರೆದಿದ್ದೀಯ, ಹುಡುಗಿ ಏನಂದಳು ಅಂತ ಒಂದು ಸಾಲೂ ಇಲ್ಲ. ಅವಳನ್ನು ಯಾರಾದರೂ ಕೇಳಿದರಾ? ನಂಬರ್ ಕಳಿಸು, ನಾನೇ ಮಾತಾಡುತ್ತೇನೆ. ನಕ್ಕರೆ ನಗಲಿ. ಬೇಡ ಅಂದರೂ ನನಗೆ ಬೇಜಾರಿಲ್ಲ, ಸ್ವಲ್ಪ ಆಗುತ್ತದೆ, ಪರವಾಗಿಲ್ಲ.

ನಾನು ಮದುವೆಗೆ ಹೆದರಿ ಆಟಿಕೆ ಹಿಡಿದು ಕೂತಿಲ್ಲ ಅಮ್ಮ, ಸುಮ್ನೆ ಏನೇನೋ ಯೋಚನೆ ಮಾಡಬೇಡ. ಊಟ ಸರಿಯಾಗಿದೆ, ರಾತ್ರಿ ಗಂಜಿ, ಮಿಡಿ. ನಿದ್ದೆಯೂ ಸರಿಯಾಗಿದೆ. ಕೋಟು ದಪ್ಪದ್ದೇ ಇದೆ, ಟೊಪ್ಪಿಯೂ ಇದೆ, ಶೀತ ಆಗಿಲ್ಲ, ಆದದ್ದು ಹೋಗಿದೆ.

ಈಗ ಕೆಳಗೆ ಬಟ್ಟೆ ಒಗೆಯುವ ಕೋಣೆಯಲ್ಲಿ ನನ್ನ ಸರದಿ, ಇಲ್ಲಿ ಅದಕ್ಕೂ ಹೊತ್ತು ಬುಕ್ ಮಾಡಬೇಕು, ತಪ್ಪಿದರೆ ಪಕ್ಕದ ಮನೆಯವರು ತಮ್ಮ ಬಟ್ಟೆ ಹಾಕಿಬಿಡುತ್ತಾರೆ. ನಂಬರ್ ಮರೆಯಬೇಡ. ಅಪ್ಪಯ್ಯನ ಹತ್ತಿರ ವಯರಿನ ವಿಷಯ ಕೇಳು.

ನಿನ್ನ
ಮಾಣಿ